ಮಂಡಿಯಲ್ಲಿ ಒಂದು ಗೋಡೆ ಬಿಟ್ಟುಕೊಡಿ
(ತೆಂಗು ಸೀಮೆಯ ಹಿರಿಯರಿಗೆ ಬಹಿರಂಗ ಪತ್ರ)

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಯಜಮಾನರಿಗೆ, ಕೊಬ್ಬರಿ ಮಂಡಿಯ ಸಾಹುಕಾರರಿಗೆ, ಮನೆಮನೆಯ ಅಕ್ಕಂದಿರಿಗೆ, ಅಮ್ಮಂದಿರಿಗೆ,

ಪಿಯುಸಿ ಮುಗಿಸಿದ ಮಗಳು ಚಿತ್ರಕಲೆ ಓದುತ್ತೇನೆ ಅಂದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಬರುವ ಮೊದಲ ಮಾತು, "ಅದನ್ನ ಓದಿ ಹೊಟ್ಟೆಗೇನ್ ತಿಂತೀಯ?" ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕಾಯಿ ಕೆಡವಿ, ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಸುಲಿಸಿ, ಕರಟ ಬಿಡಿಸಿ, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಂದ ಮೇಲೂ ಹರಾಜಿನಲ್ಲಿ ಏನು ಬೆಲೆ ಕೂಗುತ್ತಾರೋ ಗೊತ್ತಿಲ್ಲದೆ ಬದುಕಿದವರು ನಾವು. ಮಕ್ಕಳಾದರೂ ತಿಂಗಳಿಗೊಮ್ಮೆ ಸಂಬಳ ಎಣಿಸಲಿ ಎಂಬ ಆಸೆ ನ್ಯಾಯವಾದದ್ದೇ. ನನ್ನ ತಕರಾರು ಆ ಮಾತಿನ ಅಡಿಯಲ್ಲಿ ಕೂತಿರುವ ಇನ್ನೊಂದು ನಂಬಿಕೆಯ ಬಗ್ಗೆ: ಕಲೆ ಬೆಂಗಳೂರಿನ ದೊಡ್ಡವರ ಸಂಗತಿ, ತೋಟದವರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ.

ದಯವಿಟ್ಟು ಒಂದು ಭಾನುವಾರ ಅರಳಗುಪ್ಪೆಗೆ ಹೋಗಿ ಬನ್ನಿ. ತಿಪಟೂರು ತಾಲ್ಲೂಕಿನದೇ ಊರು. ಕಲ್ಲೇಶ್ವರನ ಗುಡಿ ಹೊರಗಿನಿಂದ ಅಂಥ ದೊಡ್ಡದಾಗೇನೂ ಕಾಣುವುದಿಲ್ಲ. ಒಳಗೆ ಹೋಗಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಂತು, ಕತ್ತೆತ್ತಿ ನೋಡಿ. ಒಂಬತ್ತನೇ ಶತಮಾನದಲ್ಲಿ, ನೊಳಂಬರ ಕಾಲದಲ್ಲಿ ಕೆತ್ತಿದ ಛಾವಣಿ ಅದು. ನಡುವಿನ ಚೌಕದಲ್ಲಿ ಶಿವ ಕುಣಿಯುತ್ತಿದ್ದಾನೆ. ಸುತ್ತಲಿನ ಎಂಟು ಚೌಕಗಳಲ್ಲಿ ದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ ಹೊರಟಿದ್ದಾರೆ: ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ. ಮೈ ಬಾಗಿದ ರೀತಿ, ಎತ್ತಿದ ಕಾಲಿನ ಹಗುರ ನೋಡುತ್ತಿದ್ದರೆ ತಲೆಯ ಮೇಲಿರುವುದು ಟನ್ನುಗಟ್ಟಲೆ ಕಲ್ಲು ಎಂಬುದೇ ಮರೆತುಹೋಗುತ್ತದೆ. ಅದೇ ಊರಿನಲ್ಲಿ ಹದಿಮೂರನೇ ಶತಮಾನದ ಹೊಯ್ಸಳರ ಚೆನ್ನಕೇಶವ ಗುಡಿಯೂ ಇದೆ. ಅಲ್ಲಿ ದುಡಿದವರಲ್ಲಿ ಹೊನೋಜ ಎಂಬ ಶಿಲ್ಪಿಯೊಬ್ಬನಿದ್ದ. ಎಂಟುನೂರು ವರ್ಷಗಳ ಹತ್ತಿರವಾಯಿತು, ಅವನ ಹೆಸರು ಇನ್ನೂ ಉಳಿದಿದೆ. ತುರುವೇಕೆರೆಯಲ್ಲಿ ಶಂಕರೇಶ್ವರ, ಚೆನ್ನಕೇಶವ, ಗಂಗಾಧರೇಶ್ವರನ ಮುಂದಿನ ಆ ನುಣುಪಾದ ಕರಿಯ ಬಸವ. ಎಷ್ಟೋ ಸಲ ಅವುಗಳ ಪಕ್ಕದಲ್ಲೇ ಹಾದು ಸಂತೆಗೆ ಹೋಗಿದ್ದೇವೆ.

ಅದನ್ನೆಲ್ಲ ಕಟ್ಟಿಸಿದ್ದು ಈ ನೆಲದ ಬೆಳೆ, ಈ ನೆಲದ ಕಂದಾಯ. ಆದರೆ ಆ ಗುಡಿಗಳೊಳಗೆ ಕಾಲಿಡಲು ಊರಿನ ಎಲ್ಲರನ್ನೂ ಬಿಟ್ಟಿರಲಿಲ್ಲ. ಬೆವರು ಸುರಿಸಿದ ಎಷ್ಟೋ ಮನೆಗಳವರು ಅಷ್ಟದಿಕ್ಪಾಲಕರನ್ನು ಕಣ್ಣೆತ್ತಿ ನೋಡದೆಯೇ ಹೋದರು. ಚಿತ್ರ ತೂಗುಹಾಕಲು ಈ ಪತ್ರದ ಕೊನೆಯಲ್ಲಿ ನಾನು ಕೇಳಲಿರುವ ಗೋಡೆಯ ಮುಂದೆ ಅಂಥದೊಂದು ಹೊಸ್ತಿಲು ಇರಬಾರದು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಆಮೇಲೆ ಏನಾಯಿತು? ಕಲೆ ಹಳ್ಳಿಯ ಗುಡಿಯಿಂದ ಅರಮನೆಗೆ ಹೋಯಿತು. ಮೈಸೂರಿನ ಅರಸರು ರವಿವರ್ಮನನ್ನು ಕರೆಸಿ ಚಿತ್ರ ಬರೆಸಿದರು. ಅವನ ಅಚ್ಚುಕೂಟದಿಂದ ಬಂದ ಲಕ್ಷ್ಮಿ, ಸರಸ್ವತಿಯರು ನಮ್ಮ ದೇವರ ಕೋಣೆಗಳನ್ನು ಸೇರಿ ಇವತ್ತಿಗೂ ಅಲ್ಲೇ ಇದ್ದಾರೆ. 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಊಟಿ, ಕೊಡೈಕೆನಾಲ್‌ಗಳ ಮಂಜನ್ನು ಅವರು ಜಲವರ್ಣದಲ್ಲಿ ಹಿಡಿದ ಬಗೆ ನೋಡಲು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಗೇ ಹೋಗಬೇಕು. ನಮ್ಮ ಹಳ್ಳಿಗಳವರು ಕಂಡ ಮೊದಲ ದೊಡ್ಡ ಚಿತ್ರಗಳು ಬೇರೆ ದಾರಿಯಲ್ಲಿ ಬಂದವು. ಪಕ್ಕದ ಗುಬ್ಬಿಯ ವೀರಣ್ಣನವರ ಕಂಪನಿ ಟೆಂಟು ಹಾಕಿದಾಗ ಇಳಿಯುತ್ತಿದ್ದ ಪರದೆಗಳವು: ಅರಮನೆ, ಕಾಡು, ರಾಜಬೀದಿ. ಕಲಾಚರಿತ್ರೆಯ ಪುಸ್ತಕಗಳು ಆ ಪರದೆ ಬರೆದವರನ್ನು ಹೆಚ್ಚು ನೆನೆಯುವುದಿಲ್ಲ. ನೆನೆಯಬೇಕಿತ್ತು.

ಬೆಂಗಳೂರಿನಲ್ಲಿ 1960ರ ದಶಕ ಹೊಸ ಬಾಗಿಲು ತೆರೆಯಿತು. ಚಿತ್ರಕಲಾ ಪರಿಷತ್ತು, ಲಲಿತಕಲಾ ಅಕಾಡೆಮಿ ಬಂದದ್ದು ಆಗಲೇ. ಬಾದಾಮಿ ಕಡೆಯ ಆರ್.ಎಂ. ಹಡಪದ ಮೇಷ್ಟ್ರು ಕೆನ್ ಕಲಾಶಾಲೆ ಕಟ್ಟಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡವರು ಅವರೇ. ದೂರದೂರಿನಿಂದ ಟ್ರಂಕು ಹಿಡಿದು ಬಂದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ನೀವು ಕಂಡದ್ದನ್ನು ನಿಮ್ಮದೇ ಕೈಯಲ್ಲಿ ಬರೆಯಿರಿ ಎಂದು ಕಲಿಸಿದ ಮೇಷ್ಟ್ರು. ಆ ಶಾಲೆಯಲ್ಲಿ ಕಲಿತವರಲ್ಲಿ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಒಬ್ಬರು.

ಅವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬರೋಡಾ, ಶಾಂತಿನಿಕೇತನ, ಲಂಡನ್ ಎಲ್ಲ ಕಡೆ ಓದಿ ಬಂದ ಅವರು ಮೊದಲು ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚುತ್ತಿದ್ದವರು. 1990ರ ದಶಕದ ಆರಂಭದಲ್ಲಿ ದೇಶ ಕೋಮುಗಲಭೆಯಲ್ಲಿ ಬೆಂದಾಗ ಅವರಿಗೆ ಆ ಬಣ್ಣ ಸಾಲದೆ ಹೋಯಿತು. ಸೆಗಣಿ ಕೈಗೆತ್ತಿಕೊಂಡರು, ನಮ್ಮ ಹೆಣ್ಣುಮಕ್ಕಳು ದಿನವೂ ಮುಟ್ಟುವ, ಅಂಗಳ ಸಾರಿಸುವ, ಬೆರಣಿ ತಟ್ಟುವ ಅದೇ ಸೆಗಣಿ. ಆಮೇಲೆ ಒಂದು ಹಗ್ಗ ಮಾಡಿದರು. ಮಾರುಗಟ್ಟಲೆ ಉದ್ದದ ದಾರವನ್ನು ಸೂಜಿಯ ಕಣ್ಣಿನಲ್ಲಿ ಅರ್ಧದವರೆಗೂ ಎಳೆದು ಮಡಚುವುದು. ಹೀಗೆ ಎಷ್ಟೋ ಸೂಜಿ, ಎಷ್ಟೋ ದಾರ. ಎಲ್ಲವನ್ನೂ ಕೂಡಿಸಿ, ಕುಂಕುಮ ಬೆರೆಸಿದ ಅಂಟು ಸವರಿ ಒಂದು ಹಗ್ಗವಾಗಿಸುವುದು. ರಕ್ತದ ಬಣ್ಣದ ಆ ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಕರುಳಿನ ಹಾಗೆ ಸುತ್ತಿಕೊಂಡು ಬಿದ್ದಿರುತ್ತದೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. 2009ರಲ್ಲಿ ವೆನಿಸ್‌ನ ದೊಡ್ಡ ಪ್ರದರ್ಶನದಲ್ಲಿ ಅವರು ತೂಗುಹಾಕಿದ್ದು ಮನುಷ್ಯರ ಕೂದಲಿನ ಹಗ್ಗ ಮತ್ತು ಕಾರಿನ ಬಂಪರುಗಳು. ದೃಷ್ಟಿಯಾಗದಿರಲಿ ಎಂದು ನಮ್ಮ ಗಾಡಿಗಳಿಗೆ ಕಟ್ಟುವ ಅದೇ ಕೂದಲ ಹಗ್ಗ, ಕಿಲೋಮೀಟರುಗಟ್ಟಲೆ.

ಇಂಥ ಕಲಾಕೃತಿ ಅರ್ಥವಾಗುವುದಿಲ್ಲ ಎಂದು ನಗರದ ಓದಿದವರೇ ಮೂಗು ಮುರಿಯುತ್ತಾರೆ. ತೆಂಗಿನ ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು, ಕೈ ಸವೆಸಿಕೊಂಡ ನಮ್ಮ ಕಡೆಯ ಹೆಂಗಸೊಬ್ಬಳನ್ನು ಆ ಕೆಂಪು ಹಗ್ಗದ ಮುಂದೆ ನಿಲ್ಲಿಸಿ. ಅದಕ್ಕೆ ಎಷ್ಟು ಕೈ, ಎಷ್ಟು ಹೊತ್ತು, ಎಷ್ಟು ನೋವು ಹಿಡಿಯಿತು ಎಂಬುದನ್ನು ಅವಳಿಗೆ ಯಾರೂ ವಿವರಿಸಬೇಕಾಗಿಲ್ಲ.

ನಮ್ಮ ಹಾಗೆಯೇ ತೆಂಗನ್ನು ನಂಬಿದ ಇನ್ನೊಂದು ನಾಡಿನ ವಿಷಯ ಕೇಳಿ. ಫಿಲಿಪೈನ್ಸ್ ಲೋಕದಲ್ಲೇ ಅತಿ ಹೆಚ್ಚು ತೆಂಗು ಬೆಳೆಯುವ ದೇಶಗಳಲ್ಲೊಂದು. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ, 1884ರಲ್ಲಿ, ಅಲ್ಲಿನ ಹ್ವಾನ್ ಲೂನಾ ಎಂಬ ಚಿತ್ರಕಾರ ಆಳುವವರ ರಾಜಧಾನಿ ಮ್ಯಾಡ್ರಿಡ್‌ನಲ್ಲೇ ಚಿನ್ನದ ಪದಕ ಗೆದ್ದ. ಅವನು ಬರೆದದ್ದು ರೋಮಿನ ಕಣದಲ್ಲಿ ಸತ್ತ ಮಲ್ಲರ ಹೆಣಗಳನ್ನು ಎಳೆದೊಯ್ಯುವ ದೃಶ್ಯ. ಅದರಲ್ಲಿ ತಮ್ಮದೇ ಸ್ಥಿತಿ ಕಂಡವರು ಬಹಳ ಮಂದಿ. ಮುಂದೆ ಅಮೊರ್ಸೊಲೊ ಎಂಬ ಚಿತ್ರಕಾರ ಬಿಸಿಲಲ್ಲಿ ಹೊಳೆಯುವ ಗದ್ದೆಗಳನ್ನೂ ನಗುವ ರೈತ ಹೆಣ್ಣುಗಳನ್ನೂ ಬರೆದು ಮನೆಮಾತಾದ. 1928ರಲ್ಲಿ ಎಡಾದೆಸ್ ಎಂಬ ಇನ್ನೊಬ್ಬ ಮಣ್ಣುಬಣ್ಣದಲ್ಲಿ ಕಲ್ಲು ಹೊರುವ ಕೂಲಿಗಳನ್ನು ಬರೆದು ತಂದಾಗ ಜನ ಬೆಚ್ಚಿದರು. ದುಡಿಯುವವರ ಮೈ ಹಾಗೇ ಇರುತ್ತದೆ ಎಂದು ಅವನು ಹಟ ಹಿಡಿದ. ಅಲ್ಲಿನ ಹೊಸ ಕಲೆ ಆ ಹಟದಿಂದ ಶುರುವಾಯಿತು.

ಅಲ್ಲಿನ ಅಧ್ಯಕ್ಷ ಮಾರ್ಕೋಸ್‌ನ ಆಳ್ವಿಕೆಯಲ್ಲಿ ಎರಡು ಸಂಗತಿ ಜೊತೆಜೊತೆಗೇ ನಡೆದವು. 1973ರಿಂದ ರೈತ ಕೊಬ್ಬರಿ ಮಾರಿದಾಗೆಲ್ಲ ಸುಂಕ ಮುರಿದುಕೊಳ್ಳುತ್ತಿದ್ದರು, ತೆಂಗಿನ ಅಭಿವೃದ್ಧಿಗೆ ಎಂದು. ಆ ದುಡ್ಡು ಅಧ್ಯಕ್ಷನ ಆಪ್ತರ ಕೈ ಸೇರಿ, ವ್ಯಾಜ್ಯ ದಶಕಗಟ್ಟಲೆ ಕೋರ್ಟಿನಲ್ಲಿ ಎಳೆದಾಡಿತು. ಅದನ್ನು ಬೆಳೆಗಾರರಿಗೆ ಮರಳಿಸಲು ನಿಧಿಯೊಂದರ ಕಾನೂನು ಆದದ್ದು 2021ರಲ್ಲಿ. ಇತ್ತ ಮನಿಲಾದಲ್ಲಿ ಅಧ್ಯಕ್ಷನ ಹೆಂಡತಿ ಇಮೆಲ್ಡಾ ತೆಂಗಿನ ಮರ, ಕರಟಗಳಿಂದಲೇ ಒಂದು ಅರಮನೆ ಕಟ್ಟಿಸಿದಳು. 101 ಕರಟಗಳ ತೂಗುದೀಪ, ಕರಟದ 40,000 ಚೂರು ಕೂರಿಸಿದ ಊಟದ ಮೇಜು. 1981ರಲ್ಲಿ ಬಂದ ಪೋಪ್, ಬಡವರ ದೇಶದಲ್ಲಿ ಇಷ್ಟು ವೈಭೋಗ ಬೇಡವೆಂದು ಅಲ್ಲಿ ತಂಗಲು ಒಪ್ಪಲಿಲ್ಲ. ಅದೇ ಕಾಲದಲ್ಲಿ, 1976ರಲ್ಲಿ, ಕೈಸಹಾನ್ ಎಂಬ ಗುಂಪಿನ ಚಿತ್ರಕಾರರು ರೈತರನ್ನು, ಕೂಲಿಗಳನ್ನು, ಸೆರೆಮನೆ ಕಂಡವರನ್ನು ಬರೆಯತೊಡಗಿದರು. ಜುನ್ಯೀ ಎಂಬಾತ ಪೇಟೆಯ ಬಣ್ಣ ಬಿಟ್ಟು ಬೂರುಗದ ಕಾಯಿ, ಕಟ್ಟಿಗೆಗಳಿಂದಲೇ ಕೃತಿ ಮಾಡಿದ.

ನನಗೆ ತುಂಬ ಹತ್ತಿರವಾದದ್ದು ಅದೇ ದೇಶದ ನೆಗ್ರೋಸ್ ದ್ವೀಪದ ಕಥೆ. ಅದು ಕಬ್ಬಿನ ಸೀಮೆ. ಒಂದೇ ಬೆಳೆಯ ಮೇಲೆ ನಿಂತ ಬದುಕು. 1980ರ ದಶಕದ ನಡುವೆ ಸಕ್ಕರೆ ಬೆಲೆ ನೆಲಕಚ್ಚಿ ಕೂಲಿಗಳ ಮಕ್ಕಳು ಹಸಿವಿನಿಂದ ಸತ್ತರು. 1986ರಲ್ಲಿ ಬಕೊಲೊಡ್ ಪಟ್ಟಣದ ಚಿತ್ರಕಾರರು ಸಂಘ ಕಟ್ಟಿದರು. ಅವರಲ್ಲೊಬ್ಬ ನುನೆಲುಸಿಯೊ ಅಲ್ವರಾಡೊ ಕಬ್ಬು ಕಡಿಯುವವರ ಮುಖಗಳನ್ನೇ ಬರೆದ. ರಾಜಧಾನಿ ತಮ್ಮನ್ನು ಕರೆಯಲಿ ಎಂದು ಅವರು ಕಾಯಲಿಲ್ಲ. 1990ರಲ್ಲಿ ತಮ್ಮ ದ್ವೀಪಗಳಲ್ಲೇ ಕಲಾ ಸಮ್ಮೇಳನ ಶುರುಮಾಡಿದರು. ಎರಡು ವರ್ಷಕ್ಕೊಮ್ಮೆ ಊರಿಂದೂರಿಗೆ ಹೋಗುವ ಆ ಸಮ್ಮೇಳನವನ್ನು ನಡೆಸುವವರು ಕಲಾವಿದರೇ.

ಮತ್ತೆ ನಮ್ಮ ಸೀಮೆಗೆ ಬರೋಣ. 2023ನ್ನು ನೆನಪಿಸಿಕೊಳ್ಳಿ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ನಾವು ಬೀದಿಗಿಳಿದ ವರ್ಷ ಅದು. ಪತ್ರಿಕೆಯಲ್ಲಿ ಫೋಟೊ ಬಂತು, ಮನವಿ ಕೊಟ್ಟೆವು. ಆ ವರ್ಷದ ಮುಖಗಳನ್ನು, ಚೀಲ ವಾಪಸ್ ಹೇರಿಕೊಂಡು ಹೋದ ಸಂಜೆಯನ್ನು, ಸಾಲಕ್ಕೆ ಒಡವೆ ಬಿಚ್ಚಿದ ಕೈಯನ್ನು ಒಂದು ಚಿತ್ರದಲ್ಲಿ ನೋಡಬೇಕೆಂದು ನನಗೆ ಇವತ್ತಿಗೂ ಆಸೆ. ಬೆಲೆ ಏರಿದ ಮೇಲೆ ಅದನ್ನೆಲ್ಲ ಮರೆಯುವುದು ಸುಲಭ. ನುಸಿ ರೋಗ ಬಂದು ಕಾಯಿ ಸೊಟ್ಟಗಾದ ವರ್ಷಗಳನ್ನೂ ಹಾಗೇ ಮರೆತಿದ್ದೇವೆ. ಅದನ್ನು ಬರೆಯಬಲ್ಲ ಮಕ್ಕಳು ನಮ್ಮಲ್ಲೇ ಇದ್ದಾರೆ, ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟ ತುಂಬಿಸುತ್ತಾ.

ಅವರೆಲ್ಲ ಊರು ಬಿಡಲೇಬೇಕೆಂದೇನೂ ಇಲ್ಲ. ಚಿತ್ರಕಾರ ಎನ್.ಎಸ್. ಹರ್ಷ ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲೇ ಮನೆ ಮಾಡಿಕೊಂಡು, 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಬಹುಮಾನ ಪಡೆದರು. 2017ರಲ್ಲಿ ಟೋಕಿಯೊದ ಮೋರಿ ಮ್ಯೂಸಿಯಂ ಅವರ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಸಾಲಾಗಿ ಉಣ್ಣುವ, ಸಾಲಾಗಿ ಮಲಗುವ, ಸಾಲಾಗಿ ಕೂರುವ ನಮ್ಮ ಜನವೇ ಅವರ ಚಿತ್ರಗಳ ತುಂಬ. ಆದರೆ ಚಿತ್ರ ತೂಗುಹಾಕುವ ಗೋಡೆ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2016ರಲ್ಲಿ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಸಂಸ್ಥೆಗೆ ಒಪ್ಪಿಸುವ ಮಾತು ಬಂದಾಗ ಕಲಾವಿದರು ಬೀದಿಯಲ್ಲಿ ಕೂತು ವಿರೋಧಿಸಬೇಕಾಯಿತು. ಸಣ್ಣ ಊರಿನ ಹೊಸಬರಿಗೆ ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಗೋಡೆ ಅದು.

ಈಗ ನನ್ನ ಬೇಡಿಕೆ. ವರ್ಷದಲ್ಲಿ ಹದಿನೈದು ದಿನ, ಸರಕು ಖಾಲಿಯಾದ ಒಂದು ಗೋದಾಮು ಬಿಟ್ಟುಕೊಡಿ. ಇಲ್ಲವೇ ತಿಪಟೂರಿನ ಗಣಪತಿ ಪೆಂಡಾಲಿನ ಪಕ್ಕ ಒಂದು ಶೀಟಿನ ಮನೆ ಹಾಕಿಸಿ. ಅಷ್ಟು ದಿನ ಅಷ್ಟು ಜನ ಸೇರುವ ಜಾಗ ನಮ್ಮಲ್ಲಿ ಇನ್ನೊಂದಿಲ್ಲ. ಗೋಡೆಗೆ ಸುಣ್ಣ, ನಾಲ್ಕು ಬಲ್ಬು ಸಾಕು. ಮೂರು ತಾಲ್ಲೂಕಿನ ಮಕ್ಕಳು, ಊರು ಬಿಟ್ಟು ಹೋದ ಕಲಾವಿದರು ತಂದದ್ದನ್ನು ತೂಗುಹಾಕಲಿ. ನಾರು, ಮಟ್ಟೆ, ಗರಿಯಲ್ಲಿ ಏನಾದರೂ ಕಟ್ಟಿದರೆ ಅದಕ್ಕೂ ನೆಲ ಕೊಡಿ. ಯಾವ ಕೇರಿಯವರು ಎಂದು ಕೇಳಬೇಡಿ. ಪ್ರತಿ ಚಿತ್ರದ ಕೆಳಗೆ ಬರೆದವರ ಹೆಸರು ಇರಲಿ, ದೊಡ್ಡ ಅಕ್ಷರದಲ್ಲಿ. ಗೋದಾಮು ಕೊಟ್ಟವರ ಹೆಸರು ಬಾಗಿಲ ಬಳಿ ಇದ್ದರೆ ಸಾಕು. ಮತ್ತೆ, ಬೆಲೆ ಚೆನ್ನಾಗಿ ಬಂದ ವರ್ಷ ಒಂದು ಚಿತ್ರವನ್ನಾದರೂ ದುಡ್ಡು ಕೊಟ್ಟು ಕೊಳ್ಳಿ. ಹುಡುಗ ನಮ್ಮವನೇ ಅಲ್ಲವೇ ಎಂದು ಪುಕ್ಕಟೆ ಕೇಳಬೇಡಿ.

ಒಪ್ಪಿಗೆಯಾದವರು ಮೊದಲು ನಿಮ್ಮೂರ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ತಿಳಿಸಿ. ಹೈಸ್ಕೂಲಿನಲ್ಲಿ ಆ ಹುದ್ದೆ ಖಾಲಿ ಬಿದ್ದಿದ್ದರೆ ಅದನ್ನು ತುಂಬಿಸಿ ಎಂದು ಬಿಇಒ ಕಚೇರಿಗೆ ಅರ್ಜಿ ಹಾಕಿ, ಬೆಲೆಗಾಗಿ ಮನವಿ ಬರೆದಷ್ಟೇ ಕಾಳಜಿಯಿಂದ.

ಇಂತಿ,
ನಿಮ್ಮ ಸೀಮೆಯವನೇ ಆದ ಒಬ್ಬ