ಅಂಗೈಯ ಗುಟ್ಟು, ಗೋಡೆಯ ರಟ್ಟು

ಫೋನಿನ ಪರದೆಯ ಮೇಲೆ ಕಾಣುವುದನ್ನೆಲ್ಲ ತಂತಿಯ ಹಂಗಿಲ್ಲದೆ ಅದೇ ಹೊತ್ತಿಗೆ ಟಿವಿಯಲ್ಲೂ ಕಾಣಿಸುವ ವಿದ್ಯೆಗೆ ಸ್ಕ್ರೀನ್ ಮಿರರಿಂಗ್ ಎಂದು ಹೆಸರು. ದಾವಣಗೆರೆ, ಹರಿಹರದ ಮನೆಗಳಲ್ಲಿ ‘ಫೋನ್ ಟಿವಿಗೆ ಹಾಕು’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಕಾಣುವುದರಲ್ಲಿ ಇದು ತೋರಿಸುವಂಥದ್ದು, ಇದು ಮುಚ್ಚಿಡುವಂಥದ್ದು ಎಂಬ ವಿವೇಚನೆ ಈ ವಿದ್ಯೆಗಿಲ್ಲ. ಅದರ ಉಪಕಾರ, ಅವಾಂತರ ಎರಡೂ ಹುಟ್ಟುವುದು ಅಲ್ಲಿಂದಲೇ.

ಇದರ ಅಗತ್ಯ ಬೀಳುವುದು ಹೆಚ್ಚಾಗಿ ಮನೆಗೆ ನೆಂಟರು ಬಂದಾಗ. ಆರು ಇಂಚಿನ ಫೋನಿನೊಳಗಿನ ಮದುವೆಯ ಫೋಟೊಗಳನ್ನು ಎಂಟು ಮಂದಿ ಒಟ್ಟಿಗೆ ನೋಡಲು ಬಾರದು. ಫೋನನ್ನು ಕೈಯಿಂದ ಕೈಗೆ ದಾಟಿಸಬಹುದು. ಆದರೆ ಆ ಕೈಗಳು ಆಗಷ್ಟೇ ಮಂಡಕ್ಕಿಯ ಜೊತೆ ಮಿರ್ಚಿ ಮುಗಿಸಿದವಾಗಿದ್ದರೆ, ಸುತ್ತು ಮುಗಿಸಿ ಬಂದ ಫೋನಿನಲ್ಲಿ ವಧುವಿನ ಮುಖಕ್ಕಿಂತ ಎಣ್ಣೆಯೇ ಹೆಚ್ಚು ಹೊಳೆಯುತ್ತದೆ. ಎಣ್ಣೆಗಿಂತ ದೊಡ್ಡ ಅಪಾಯವೆಂದರೆ ದೊಡ್ಡಪ್ಪಂದಿರು. ತೋರಿಸಿದ ಫೋಟೊ ನೋಡಿ ಸುಮ್ಮನಾಗದೆ, ಬೆರಳಾಡಿಸಿ ಅದರ ಹಿಂದಿನದು, ಮುಂದಿನದು ಎಲ್ಲವನ್ನೂ ನೋಡಿಬಿಡುವುದು ಅವರ ಜಾಯಮಾನ. ಟಿವಿಗೆ ಹಾಕಿದರೆ ಫೋನು ಒಡೆಯನ ಕೈಯಲ್ಲೇ ಉಳಿಯುತ್ತದೆ, ಮಾನವೂ ಅವನ ಕೈಯಲ್ಲೇ ಉಳಿಯುತ್ತದೆ ಎಂಬ ನಂಬಿಕೆಯಿಂದ ಮಿರರಿಂಗ್ ಶುರುವಾಗುತ್ತದೆ.

ಒಳಗೆ ನಡೆಯುವ ಕೆಲಸ ಹೀಗೆ. ಫೋನು ತನ್ನ ಪರದೆಯ ಚಿತ್ರವನ್ನು ಸೆಕೆಂಡಿಗೆ 30 ಅಥವಾ 60 ಸಲ ತಾನೇ ಹಿಡಿದುಕೊಳ್ಳುತ್ತದೆ. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ 30ರಂತೆ ಇದ್ದ ಹಾಗೇ ಕಳಿಸಬೇಕೆಂದರೆ ಪ್ರತಿ ಸೆಕೆಂಡಿಗೂ ಸುಮಾರು 150 ಕೋಟಿ ಬಿಟ್‌ಗಳನ್ನು ಸಾಗಿಸಬೇಕು. ಮನೆಯ ಸಾಮಾನ್ಯ ವೈಫೈ ಅಷ್ಟು ಹೊರೆ ತಾಳದು. ಆದ್ದರಿಂದ ಎಚ್.264ರಂಥ ವಿಧಾನದಲ್ಲಿ ಚಿತ್ರವನ್ನು ಕೆಲವೇ ಮೆಗಾಬಿಟ್‌ಗಳಿಗೆ ಹಿಂಡಿ ಕಳಿಸುತ್ತದೆ. ಟಿವಿ ಅದನ್ನು ಮತ್ತೆ ಅರಳಿಸಿಕೊಳ್ಳುತ್ತದೆ. ಹಿಂಡುವುದಕ್ಕೂ ಅರಳಿಸುವುದಕ್ಕೂ ಹೊತ್ತು ಬೇಕು. ಫೋನಿನಲ್ಲಿ ಆದದ್ದು ಟಿವಿಯಲ್ಲಿ ಆಗುವಾಗ ಕಣ್ಣೆವೆ ಮಿಟುಕಿಸುವಷ್ಟಾದರೂ ತಡವಾಗಿರುತ್ತದೆ. ಫೋಟೊ ನೋಡುವವರಿಗೆ ಇದು ಗೊತ್ತಾಗದು, ಟಿವಿ ನೋಡಿಕೊಂಡು ಗೇಮ್ ಆಡುವ ಹುಡುಗ ಮಾತ್ರ ಗುಂಡು ಹಾರಿಸುವ ಮೊದಲೇ ಸತ್ತಿರುತ್ತಾನೆ. ಚಿತ್ರದ ತಡಕ್ಕೂ ದನಿಯ ತಡಕ್ಕೂ ತಾಳ ತಪ್ಪಿದರೆ ಅದನ್ನು ಗುರುತಿಸುವ ಇನ್ನೊಂದು ವರ್ಗ ಹರಿಹರದಲ್ಲಿದೆ. 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ನಡುವೆ ಆಯಸ್ಸು ಸವೆಸಿದ ಹಿರಿಯರು ಅವರು. ಮಿಲಿಮೀಟರಿನ ನೂರನೇ ಪಾಲಿನ ಸಡಿಲನ್ನೂ ಸಹಿಸದವರು, ಗಾಯಕಿಯ ತುಟಿಗೂ ದನಿಗೂ ನಡುವಿನ ಸಡಿಲನ್ನು ಸಹಿಸುವುದಿಲ್ಲ. ಯಾವುದನ್ನು ಬಿಗಿ ಮಾಡಬೇಕೆಂದು ಟಿವಿಯ ಹಿಂದೆ ಸ್ಕ್ರೂ ಹುಡುಕುತ್ತಾರೆ.

ಚಿತ್ರ ಹರಿಯುವ ಮೊದಲು ಎರಡೂ ಉಪಕರಣಗಳ ನಡುವೆ ಮಾತುಕತೆ ನಡೆಯಬೇಕು. ದಾವಣಗೆರೆಯು 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ ಸೇರಿತು. ಫೋನು ಅದಕ್ಕೂ ಮೊದಲೇ ಸ್ಮಾರ್ಟ್, ಟಿವಿ ಆಮೇಲೆ ಸ್ಮಾರ್ಟ್. ಆದರೂ ಊರಿನ ಹಳೆಯ ರೂಢಿಯನ್ನು ಇವು ಬಿಟ್ಟಿಲ್ಲ. ಹೊಸಬರು ಜಗುಲಿ ಹತ್ತಿದರೆ ಯಾವೂರು, ಯಾರ ಪೈಕಿ ಎಂದು ವಿಚಾರಿಸಿದ ಮೇಲೆಯೇ ಚಹಾ ಬರುವ ಹಾಗೆ, ನಿನಗೆ ಯಾವ ಅಳತೆಯ ಚಿತ್ರ ಆಗಿಬರುತ್ತದೆ, ಯಾವ ಬಗೆಯ ಧ್ವನಿ ತಿಳಿಯುತ್ತದೆ, ಬೀಗ ಹಾಕಿದ ಸರಕು ತೆಗೆಯಬಲ್ಲೆಯಾ ಎಂದು ಫೋನು ಕೇಳುತ್ತದೆ. ಟಿವಿ ಒಂದೊಂದಕ್ಕೂ ಉತ್ತರ ಕೊಟ್ಟ ಬಳಿಕವೇ ಸಂಬಂಧ ಕುದುರುತ್ತದೆ. ಈ ಅವಧಿಯಲ್ಲಿ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿರುತ್ತದೆ. ‘ಬಂತೇನಪಾ?’ ಎಂದು ಅಜ್ಜ ಕೇಳುವುದು, ‘ತಡಿ ಅಜ್ಜಾ, ಇನ್ನೂ ತಿರುಗ್ತಾ ಐತೆ’ ಎಂದು ಮೊಮ್ಮಗ ಹೇಳುವುದು ಆಗಲೇ.

ಈ ವಿದ್ಯೆಯಲ್ಲಿ ಮುಖ್ಯವಾಗಿ ಮೂರು ಪಂಗಡಗಳಿವೆ. ಮಿರಾಕಾಸ್ಟ್ ಎಂಬುದನ್ನು ವೈಫೈ ಅಲಯನ್ಸ್ 2012ರಲ್ಲಿ ತಂದಿತು. ಇದರಲ್ಲಿ ಫೋನು, ಟಿವಿ ನೇರವಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇಂಟರ್ನೆಟ್ ಬೇಡ, ರೂಟರ್ ಕೂಡ ಬೇಡ. ಇದನ್ನರಿಯದೆ ‘ನೆಟ್ ಖಾಲಿ’ ಎಂದು ರೀಚಾರ್ಜ್ ಮಾಡಿಸಲು ಓಡಿದವರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಗೂಗಲ್ 2013ರಲ್ಲಿ ಕ್ರೋಮ್‌ಕಾಸ್ಟ್ ತಂದಿತು. ಅದರ ವಿಧಾನದಲ್ಲಿ ಫೋನು, ಟಿವಿ ಒಂದೇ ವೈಫೈಯಲ್ಲಿ ಇರಬೇಕು. ಆದ್ದರಿಂದ ಬಂದ ನೆಂಟರು ಕುಶಲ ಕೇಳುವ ಮೊದಲು ಪಾಸ್‌ವರ್ಡ್ ಕೇಳುತ್ತಾರೆ. ಮೂರನೆಯದು ಆಪಲ್ ಕಂಪನಿಯ ಏರ್‌ಪ್ಲೇ. 2010ರಲ್ಲಿ ಬಂದ ಇದು ಇಡೀ ಪರದೆಯನ್ನು ಪ್ರತಿಬಿಂಬಿಸತೊಡಗಿದ್ದು 2011ರಲ್ಲಿ; ಬೇರೆ ಕಂಪನಿಗಳ ಟಿವಿಗಳಿಗೆ ಇಳಿದದ್ದು 2019ರಿಂದ. ಐಫೋನಿಗೆ ಮಿರಾಕಾಸ್ಟ್ ಬಾರದು. ಬೆಂಗಳೂರಿನಿಂದ ಬಂದ ಅಳಿಯನ ಲಕ್ಷ ರೂಪಾಯಿಯ ಐಫೋನನ್ನು ಹಳೆಯ ಟಿವಿ ಗುರುತಿಸದೆ, ಅಡುಗೆಮನೆಯಲ್ಲಿ ಚಾರ್ಜಿಗಿಟ್ಟ ಅತ್ತೆಯ ಹತ್ತು ಸಾವಿರದ ಫೋನನ್ನು ಕೂಡಲೇ ಬರಮಾಡಿಕೊಳ್ಳುವುದು ಈ ಕಾರಣಕ್ಕೆ. ಇದರಲ್ಲಿ ಯಾವ ರಾಜಕೀಯವೂ ಇಲ್ಲವೆಂದು ಅಳಿಯನನ್ನು ನಂಬಿಸುವುದು ಕಷ್ಟ.

ಪಂಗಡ ಮೂರಾದರೂ ಗುಂಡಿಯ ಹೆಸರು ನೂರು. ಸ್ಯಾಮ್‌ಸಂಗ್ ಫೋನಿನಲ್ಲಿ ಅದು ಸ್ಮಾರ್ಟ್ ವ್ಯೂ, ಶಓಮಿಯಲ್ಲಿ ಕಾಸ್ಟ್, ಎಲ್‌ಜಿ ಟಿವಿಯಲ್ಲಿ ಸ್ಕ್ರೀನ್ ಶೇರ್. ಮನೆಯಲ್ಲಿ ನಾಲ್ಕು ಫೋನುಗಳಿದ್ದರೆ ನಾಲ್ಕು ಅಭಿಪ್ರಾಯಗಳಿರುತ್ತವೆ. ಟಿವಿ ಐದನೆಯದನ್ನು ಹೇಳುತ್ತದೆ.

ದೂರದ ವಿಚಾರದಲ್ಲಿ ಇದು ಕೋಣೆಯೊಳಗಿನ ವಿದ್ಯೆ. ಹರಿಹರದ ಚಿಕ್ಕಮ್ಮ ತನ್ನ ಫೋನಿನ ಫೋಟೊಗಳನ್ನು ದಾವಣಗೆರೆಯ ಅಕ್ಕನ ಟಿವಿಗೆ ಕೂತಲ್ಲಿಂದಲೇ ಹಾಕಲಾರಳು. ನಡುವೆ ಸುಮಾರು 14 ಕಿಲೊಮೀಟರ್ ಇದೆ. ಒಂದೇ ಮನೆಯೊಳಗೂ 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ಗೋಡೆ ದಾಟೀತು. ಆದರೆ ಆ ದಾರಿಯಲ್ಲಿ ಬ್ಲೂಟೂತ್, ಮೈಕ್ರೊವೇವ್ ಒಲೆ, ಓಣಿಯ ಅಷ್ಟೂ ವೈಫೈಗಳ ಸಂದಣಿ. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಹಳೆಯ ಪೇಟೆಯ ಬೀದಿಗಳಲ್ಲಂತೂ ಫೋನು ತೋರಿಸುವ ಪಟ್ಟಿಯಲ್ಲಿ ನೆರೆಹೊರೆಯ ಟಿವಿಗಳೆಲ್ಲ ಇರುತ್ತವೆ. ಹೊಸ ಟಿವಿ ಯಾವ ಮನೆಗೆ ಬಂತು ಎಂಬುದು ಹಾಲು ತರಲು ಹೋಗುವ ಮೊದಲೇ ತಿಳಿಯುತ್ತದೆ. ತಪ್ಪು ಹೆಸರನ್ನು ಒತ್ತಿದರೆ ‘ಅನುಮತಿ ಕೊಡಬಹುದೇ’ ಎಂದು ಹೆಚ್ಚಿನ ಟಿವಿಗಳು ಮನೆಯವರನ್ನು ಕೇಳುತ್ತವೆ. ಧಾರಾವಾಹಿಯ ನಡುವೆ ಬಂದ ಪ್ರಶ್ನೆಗೆ ಯಾರೂ ಓದಿ ಉತ್ತರಿಸುವುದಿಲ್ಲ. ಅದು ತೊಲಗಲೆಂದು ಓಕೆ ಒತ್ತುತ್ತಾರೆ. ಮರುಕ್ಷಣ ಅಲ್ಲಿ ಪಕ್ಕದ ಮನೆಯ ಸೀಮಂತ ನಡೆಯುತ್ತಿರುತ್ತದೆ.

ಸಂಪರ್ಕವೇನೋ ಸಿಕ್ಕಿತು ಎನ್ನುವಾಗ ಆಕಾರದ ಪ್ರಶ್ನೆ ಏಳುತ್ತದೆ. ಟಿವಿ ಅಡ್ಡ, 16ಕ್ಕೆ 9. ಮದುವೆಯ ವೀಡಿಯೊ ತೆಗೆದ ಸೋದರಮಾವ ಫೋನನ್ನು ಹಿಡಿದದ್ದು ಉದ್ದ, 9ಕ್ಕೆ 16. ಗೋಡೆಯ ಅರ್ಧ ತುಂಬುವ 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್; ಮಾವನ ವೀಡಿಯೊ ಅದರ ನಡುವೆ ಸುಮಾರು 30 ಸೆಂಟಿಮೀಟರ್ ಅಗಲದ ಪಟ್ಟಿಯಾಗಿ ನಿಲ್ಲುತ್ತದೆ. ಉಳಿದ ಮೂರನೇ ಎರಡು ಪಾಲು ಕಪ್ಪು. ಆ ಪಟ್ಟಿಯಲ್ಲಿ ವಧು ಹಿಡಿಸಿದರೆ ವರ ಹಿಡಿಸುವುದಿಲ್ಲ. ಇಬ್ಬರೂ ಹಿಡಿಸಿದಲ್ಲಿ ಪುರೋಹಿತರ ಮೊಣಕೈ ಅಡ್ಡ ಇರುತ್ತದೆ.

ತೋರಿಸಬೇಕಾದದ್ದರ ಗತಿ ಇದಾದರೆ, ತೋರಿಸಬಾರದ್ದು ಯಾವ ಕೊರತೆಯೂ ಇಲ್ಲದೆ ಸ್ಪಷ್ಟವಾಗಿ ಬರುತ್ತದೆ. ಅತ್ತಿಗೆಯ ಸಂದೇಶ, ಬ್ಯಾಂಕಿನ ಬಾಕಿ, ಸಾಲ ಕೊಟ್ಟವರ ನೆನಪೋಲೆ ಎಲ್ಲವೂ ಪರದೆಯ ನೆತ್ತಿಯಿಂದ ಇಳಿದು ಬರುತ್ತವೆ. ಕನ್ನಡಕವಿಲ್ಲದೆ ಪೇಪರ್ ಓದಲಾಗದ ಹಿರಿಯರಿಗೂ 43 ಇಂಚಿನ ಅಕ್ಷರ ಓದಲು ಬರುತ್ತದೆ. ‘ಎರಡ್ ದಿನ ಆತು, ಇನ್ನೂ ಹೊಂಟಿಲ್ಲ’ ಎಂಬ ಸಂದೇಶ ಇಳಿದಾಗ ಅದು ಯಾರ ಕುರಿತಾದುದೆಂದು ಸೋಫಾದ ಮೇಲಿದ್ದವರಿಗೆ ವಿವರಿಸಬೇಕಾಗುವುದಿಲ್ಲ. ಪರಿಹಾರ ಸುಲಭ: ಮಿರರಿಂಗ್‌ಗೆ ಮುಂಚೆ ‘ಡು ನಾಟ್ ಡಿಸ್ಟರ್ಬ್’ ಒತ್ತಿ ಸೂಚನೆಗಳನ್ನು ಅಡಗಿಸಿಡಬೇಕು. ಈ ಪರಿಹಾರ ನೆನಪಾಗುವುದು ನೆಂಟರು ಬಸ್ಸು ಹತ್ತಿದ ಮೇಲೆ.

ಇಷ್ಟು ಬಾಯಿಬಡುಕ ಕನ್ನಡಿ ಬಾಯಿ ಮುಚ್ಚುವುದು ಸಿನಿಮಾದ ಮುಂದೆ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ನಕಲು ತಡೆಯಲು ಚಿತ್ರಕ್ಕೆ ಬೀಗ ಹಾಕಿರುತ್ತವೆ. ಫೋನಿನಲ್ಲಿ ನಾಯಕ ಕುಣಿಯುತ್ತಿದ್ದರೂ ಟಿವಿಯಲ್ಲಿ ಹೆಚ್ಚಾಗಿ ಕಗ್ಗತ್ತಲು, ಒಮ್ಮೊಮ್ಮೆ ಹಾಡು ಮಾತ್ರ. ಮನೆಯ ಗುಟ್ಟಿಗಿಲ್ಲದ ಕಾವಲು ಕಂಪನಿಯ ಸರಕಿಗಿದೆ.

ಸಿನಿಮಾಕ್ಕೆ ತಕ್ಕ ವಿಧಾನ ಕಾಸ್ಟಿಂಗ್. ಇದರಲ್ಲಿ ಫೋನು ಚಿತ್ರವನ್ನು ಹೊರುವುದಿಲ್ಲ, ಅದು ಸಿಗುವ ವಿಳಾಸವನ್ನಷ್ಟೇ ಟಿವಿಗೆ ಹೇಳುತ್ತದೆ. ಟಿವಿ ತಾನೇ ಇಂಟರ್ನೆಟ್ಟಿನಿಂದ ತಂದುಕೊಳ್ಳುತ್ತದೆ. ಫೋನಿನ ಬ್ಯಾಟರಿ ಉಳಿಯುತ್ತದೆ, ಮೈ ಬಿಸಿಯಾಗುವುದಿಲ್ಲ, ಸಂದೇಶಗಳು ಕಾಣುವುದಿಲ್ಲ. ಕ್ರಿಕೆಟ್ ನೋಡುವವರಿಗೆ ಮಾತ್ರ ಎರಡೂ ಒಂದೇ: ಇಂಟರ್ನೆಟ್ಟಿನಲ್ಲಿ ಬರುವ ಪಂದ್ಯ ಡಿಶ್‌ಗಿಂತ ಹಿಂದೆ ಓಡುತ್ತದೆ. ಬೌಲರ್ ಇನ್ನೂ ಚೆಂಡು ಉಜ್ಜುತ್ತಿರುವಾಗಲೇ ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗು ಹಾಕಿರುತ್ತಾರೆ.

ಯಾವುದೂ ಕೈಹಿಡಿಯದಿದ್ದಾಗ ಉಳಿಯುವುದು ಪೆನ್‌ಡ್ರೈವ್. ಅದಕ್ಕೆ ಪಂಗಡವಿಲ್ಲ, ಪಾಸ್‌ವರ್ಡ್ ಇಲ್ಲ, ತುಂಬಿದ್ದನ್ನಷ್ಟೇ ತೋರಿಸುತ್ತದೆ. ಮಿರರಿಂಗ್ ಬಳಸಿದವರು ಮುಗಿದ ಮೇಲೆ ‘ಡಿಸ್‌ಕನೆಕ್ಟ್’ ಒತ್ತತಕ್ಕದ್ದು; ಫೋನನ್ನು ಜೇಬಿಗೆ ಹಾಕಿದ ಮಾತ್ರಕ್ಕೆ ಸಂಪರ್ಕ ಕಡಿಯುವುದಿಲ್ಲ. ಅದನ್ನು ಮರೆತು ಒಳಕೋಣೆಗೆ ಹೋಗಿ, ಬಂದವರು ಎಷ್ಟು ಮುಯ್ಯಿ ಓದಿಸಿದ್ದರೆಂದು ಫೋನಿನಲ್ಲಿ ಪಟ್ಟಿ ತೆಗೆದು ನೋಡಿದರೆ, ಹೊರಗೆ ಕೂತವರೂ ಜೊತೆಗೇ ಓದಿಕೊಳ್ಳುತ್ತಾರೆ.