ಇರಬಹುದು ರಾಯರು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರು ಗಂಟೆಗೆ ಊರೆಲ್ಲ ಸಕ್ಕರೆ ಕಾಯಿಲೆ ಇಳಿಸಲು ಬಿರುಸಾಗಿ ನಡೆಯುತ್ತಿರುತ್ತದೆ. ಒಬ್ಬರು ಮಾತ್ರ ದಾರಿಗಡ್ಡ ನಿಂತು ಮರದ ನೆತ್ತಿ ನೋಡುತ್ತಿರುತ್ತಾರೆ. ಕೊರಳಲ್ಲಿ ಬೈನಾಕ್ಯುಲರ್, ತಲೆಯ ಮೇಲೆ ಪಾಚಿ ಬಣ್ಣದ ಟೋಪಿ. ಡಿಕ್ಕಿ ಹೊಡೆದವರು ಕ್ಷಮೆ ಕೇಳಿದರೆ "ಶ್!" ಎನ್ನುತ್ತಾರೆ. ಅವರೇ ನಮ್ಮ ಬಡಾವಣೆಯ ಹಕ್ಕಿರಾಯರು.

ಹಕ್ಕಿ ನೋಡುವವರಲ್ಲಿ ವಿದ್ಯೆ ಏರಿದಷ್ಟೂ ಧೈರ್ಯ ಇಳಿಯುತ್ತದೆ. ಮೊದಲ ವರ್ಷದವನು ಆಕಾಶದ ಚುಕ್ಕೆಗೂ ನಾಮಕರಣ ಮಾಡಿಬಿಡುತ್ತಾನೆ. ಮೂವತ್ತು ವರ್ಷ ಕತ್ತೆತ್ತಿದ ನಮ್ಮ ರಾಯರು "ಇರಬಹುದು" ಎಂಬಲ್ಲಿಗೆ ಬಂದು ನಿಂತಿದ್ದಾರೆ. ಅದರಲ್ಲೂ ಚಳಿಗಾಲಕ್ಕೆ ಬಡಗಣದಿಂದ ಬರುವ ಉಲಿಯಕ್ಕಿಗಳ ಮಾತೆತ್ತಬಾರದು. ಹತ್ತು ಗ್ರಾಂ ತೂಗದ ಜೀವ. ಎಲೆಯದೇ ಬಣ್ಣ, ಎಲೆಯದೇ ಮರೆ. ರೆಕ್ಕೆಯ ಮೇಲೆ ಗೆರೆ ಒಂದೋ ಎರಡೋ ಎಂದು ಎಣಿಸುವಷ್ಟರಲ್ಲಿ ಹಕ್ಕಿ ಪಕ್ಕದ ಮರಕ್ಕೆ ಹೋಗಿರುತ್ತದೆ, ರಾಯರ ಕತ್ತು ಮಾತ್ರ ಈ ಮರದಲ್ಲೇ ಹಿಡಿದುಕೊಂಡಿರುತ್ತದೆ.

ವಿಚಿತ್ರ ಹಕ್ಕಿ ಕಂಡವರೆಲ್ಲ ಅವರಿಗೆ ಫೋಟೋ ಕಳಿಸುತ್ತಾರೆ. ನಾನೂ ಒಮ್ಮೆ ಕಳಿಸಿದ್ದೆ. ಬಹಳ ಹೊತ್ತು ನೋಡಿ, "ಮರ ಹೊಂಗೆ. ಅದರಲ್ಲಿ ಅನುಮಾನವಿಲ್ಲ" ಎಂದರು. ಹಿಂದಿನ ಬೀದಿಯ ಮೇಷ್ಟರು ಒಂದು ಸಂಜೆ ಏದುಸಿರು ಬಿಡುತ್ತ ಬಂದರು.

"ರಾಯರೇ, ಮೈತುಂಬ ಬಿಳಿ ಚುಕ್ಕೆ, ಕೆಂಪು ಕಣ್ಣು! ವಿದೇಶದ್ದೇ ಇರಬೇಕು."

"ಕೋಗಿಲೆ, ಮೇಷ್ಟ್ರೇ."

"ಕೋಗಿಲೆ ಕಪ್ಪಲ್ಲವೇ?"

"ಯಜಮಾನರು ಕಪ್ಪು. ಕುಹೂ ಅಂತ ಹಾಡೋರೂ ಅವರೇ. ನೀವು ನೋಡಿದ್ದು ಮನೆಯವರನ್ನು. ಅವರಿಗೆ ಹಾಡಲು ಪುರುಸೊತ್ತೆಲ್ಲಿ? ಮೊಟ್ಟೆ ಇಡೋಕೆ ಕಾಗೆ ಗೂಡು ಹುಡುಕಬೇಕಲ್ಲ!"

ನಲವತ್ತು ವರ್ಷ ಕನ್ನಡ ಪಾಠದಲ್ಲಿ ಹೆಣ್ಣು ಕೋಗಿಲೆಯಿಂದ ಹಾಡಿಸಿದ್ದ ಮೇಷ್ಟರು ಆ ರಾತ್ರಿ ಊಟ ಮಾಡಲಿಲ್ಲವಂತೆ.

ರಾಯರಿಗೆ ಸಲೀಂ ಅಲಿಯವರೇ ಮನೆದೇವರು. 1940ರಲ್ಲಿ ಅವರ ಮಾತು ಕೇಳಿ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದ ಕಥೆಯನ್ನು, ಸ್ವಂತ ಸೋದರಮಾವ ಜಮೀನು ಬಿಡಿಸಿಕೊಂಡ ಕಥೆಯಂತೆ ಹೇಳುತ್ತಾರೆ. ಹಕ್ಕಿಗಳಿಗೂ ಬಹುವಚನವೇ. ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಫೋನ್ ಮಾಡಿ, "ಬಂದರು! ನಿನ್ನೆ ರಾತ್ರಿಯೇ ಬಂದಿಳಿದಿದ್ದಾರೆ!" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬೀಗರೆಂದು ತಿಳಿದು ಅಮ್ಮ ಉದ್ದು ನೆನೆಹಾಕಿದರು. ಬಂದವರು ಮಂಗೋಲಿಯಾದ ಕಡೆಯವರು, ಹಿಮಾಲಯ ಹಾರಿ ನಂಜನಗೂಡಿನ ಹತ್ತಿರದ ಹದಿನಾರು ಕೆರೆಯಲ್ಲಿ ಇಳಿದಿದ್ದ ಪಟ್ಟೆತಲೆ ಹೆಬ್ಬಾತುಗಳು.

ಮೊನ್ನೆ ನಮ್ಮಪ್ಪನ ತಿಥಿ. ತಾರಸಿಯ ಮೇಲೆ ಕಾಗೆಗೆ ಪಿಂಡ ಇಟ್ಟು ಕಾದೆವು. ಗಂಟೆ ಎರಡಾಯಿತು. ಬೇರೆ ದಿನ ಹಪ್ಪಳ ಒಣಗಿಸಲು ಬಿಡದ ಕಾಗೆಗಳಲ್ಲಿ ಒಂದೂ ಸುಳಿಯಲಿಲ್ಲ. ಕೆಳಗೆ ವಡೆ ಆರುತ್ತಿತ್ತು, ಮೇಲೆ ಪುರೋಹಿತರ ಮುಖ ಬಾಡುತ್ತಿತ್ತು. ಕೊನೆಗೂ ಒಂದು ಬಂದು ಗೋಡೆಯ ಮೇಲೆ ಕೂತಿತು. ಎಲ್ಲರೂ ಕೈಮುಗಿದೆವು.

"ಯಾರೂ ಅಲುಗಬೇಡಿ!" ಪಕ್ಕದ ತಾರಸಿಯಿಂದ ರಾಯರ ದನಿ. "ಕತ್ತು ಬೂದಿಯಿಲ್ಲ, ಪೂರ್ತಿ ಕಪ್ಪು. ಕೊಕ್ಕು ದಪ್ಪ. ಅದು ಮನೆ ಕಾಗೆಯಲ್ಲ ಸಾರ್, ಕಾಡುಕಾಗೆ!"

ಎಂದೂ ಇಲ್ಲದಷ್ಟು ಖಚಿತವಾಗಿ ಅವರು ಹೇಳಿದ್ದು ಇದನ್ನೇ. ನಾನು ಗಾಬರಿಯಿಂದ ಪುರೋಹಿತರ ಕಡೆ ತಿರುಗಿದೆ. ಮನೆಯದಲ್ಲದ ಕಾಗೆ ಮುಟ್ಟಿದರೆ ಪಿಂಡ ಅಪ್ಪನಿಗೆ ತಲುಪುತ್ತದೆಯೇ?

ಹೊಟ್ಟೆ ಹಸಿದಾಗ ಶಾಸ್ತ್ರ ಬೇಗ ಹೊಳೆಯುತ್ತದೆ. "ನಿಮ್ಮ ತಂದೆಯವರು ಫಾರೆಸ್ಟ್ ಡಿಪಾರ್ಟ್‌ಮೆಂಟಿನಲ್ಲಿ ತಾನೆ ಇದ್ದದ್ದು? ಸರಿಹೋಯಿತು. ಅವರೇ ಬಂದಿದ್ದಾರೆ, ಎಲೆ ಹಾಕಿಸಿ" ಎಂದರು.

ರಾಯರು ಬೈನಾಕ್ಯುಲರ್ ಇಳಿಸಿ, ಕಾಗೆಯನ್ನೊಮ್ಮೆ, ನನ್ನ ಮೂಗನ್ನೊಮ್ಮೆ ಬರಿಗಣ್ಣಿನಿಂದ ನೋಡಿ, ಮೆಲ್ಲಗೆ ಅಂದರು:

"ಇರಬಹುದು."