ಸದ್ದಿನಿಂದಲೇ ಹೃದಯ ಕೆಡಿಸಿಕೊಳ್ಳುವುದು ಹೇಗೆ?

ಹೃದಯ ಕೆಡಿಸಿಕೊಳ್ಳಲು ಬೀಡಿ, ಬೆಣ್ಣೆದೋಸೆಗಳೇ ಆಗಬೇಕೆಂದಿಲ್ಲ. ರಸ್ತೆಗೆ ತೆರೆದ ಒಂದು ಕಿಟಕಿ ಸಾಕು. ತಾಳ್ಮೆ ಇರಲಿ, ಇದು ವರ್ಷಗಟ್ಟಲೆ ಹಿಡಿಯುವ ಕೆಲಸ.

ಮೊದಲು ಮನೆ ಹಿಡಿಯಿರಿ. ಬೆಂಗಳೂರಿನ ಹೊರವರ್ತುಲ ರಸ್ತೆಗೆ ಮುಖ ಮಾಡಿದ ಫ್ಲ್ಯಾಟ್ ಉತ್ತಮ. ಮೇಲ್ಸೇತುವೆಯ ಮಟ್ಟಕ್ಕೇ ಬರುವ ಮಹಡಿ ಸಿಕ್ಕರೆ ಕೂಡಲೇ ಅಡ್ವಾನ್ಸ್ ಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವಾಹನಗಳ ಸದ್ದು ಹಗಲಿರುಳಿನ ಸರಾಸರಿಯಲ್ಲಿ 53 ಡೆಸಿಬೆಲ್ ದಾಟಬಾರದು. ದಾಟಿದರೆ ಪ್ರತಿ 10 ಡೆಸಿಬೆಲ್‌ಗೆ ಹೃದಯದ ರಕ್ತನಾಳ ಕಾಯಿಲೆಯ ಅಪಾಯ ಸುಮಾರು ಶೇ. 8ರಷ್ಟು ಹೆಚ್ಚು. ದರಪಟ್ಟಿ ಸಿಕ್ಕಿತಲ್ಲ, ದಾಟಿ.

ಮಂಚವನ್ನು ರಸ್ತೆ ಬದಿಯ ಕೋಣೆಗೇ ಹಾಕಿ. ಹಿತ್ತಿಲ ಕಡೆಯ ಕೋಣೆಯಲ್ಲಿ ಹಳೇ ಸೂಟ್‌ಕೇಸ್‌ಗಳು ನೆಮ್ಮದಿಯಾಗಿ ಮಲಗಲಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂದು ನಮ್ಮ ಶಬ್ದಮಾಲಿನ್ಯ ನಿಯಮ 2000ದಿಂದಲೂ ಹೇಳುತ್ತಿದೆ. ಹೇಳಲಿ ಬಿಡಿ, ಲಾರಿಗಳ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ.

ಒಂದು ತಿಂಗಳು ಕಳೆದ ಮೇಲೆ ‘ನನಗೆ ಅಭ್ಯಾಸವಾಗಿಬಿಟ್ಟಿದೆ’ ಎಂದು ಎಲ್ಲರಿಗೂ ಹೇಳಿ. ಈ ಹಂತ ಬಿಟ್ಟರೆ ಪಟ್ಟ ಶ್ರಮವೆಲ್ಲ ದಂಡ. ಅಭ್ಯಾಸವಾಗುವುದು ನಿಮಗೆ, ನಿಮ್ಮ ರಕ್ತನಾಳಕ್ಕಲ್ಲ. ನೀವು ಗೊರಕೆ ಹೊಡೆಯುತ್ತಿದ್ದರೂ ಮಿದುಳು ಹಾರ್ನ್ ಕೇಳಿ ಗಾಬರಿಯಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಒಸರುತ್ತವೆ, ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ಇದು ರಾತ್ರಿರಾತ್ರಿ ನಡೆದರೆ ರಕ್ತನಾಳದ ಒಳಪದರಕ್ಕೆ ಉರಿಯೂತ ಹತ್ತಿ, ಬೇಕಾದಾಗ ಸಡಿಲಗೊಳ್ಳುವುದೇ ಅದಕ್ಕೆ ಮರೆತುಹೋಗುತ್ತದೆ. ಎದ್ದು ಕೂರುವ ತೊಂದರೆ ತೆಗೆದುಕೊಳ್ಳಬೇಡಿ. ಕೆಲಸ ನಿದ್ದೆಯಲ್ಲೇ ಸಾಗುತ್ತದೆ.

ಹಗಲು ನೀವೂ ನಾಲ್ಕು ಜನಕ್ಕೆ ಉಪಕಾರ ಮಾಡಿ. ಸಿಗ್ನಲ್ ಹಸಿರಾಗುವ ಮುಂಚೆಯೇ ಹಾರ್ನ್ ಒತ್ತಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಗಾಡಿ ಹಾರ್ನಿಗೆ ಹೆದರಿ ಹೊರಟ ಉದಾಹರಣೆಯಿಲ್ಲ. ಆದರೂ ಕೈ ತೆಗೆಯಬೇಡಿ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಎರಡು ಸಲ ಒತ್ತಿ: ಒಳಗಿರುವವರು ಈಗಾಗಲೇ ಅರ್ಧ ದಾರಿ ಬಂದಿದ್ದಾರೆ.

ಬಿಪಿ ಬಂದಿತೋ, ಉಪ್ಪಿನಕಾಯಿಯನ್ನು ಬೈಯಿರಿ. ಡಾಕ್ಟರು ಊಟ, ವಾಕಿಂಗು, ಅಪ್ಪನ ಹಾರ್ಟು ಎಲ್ಲ ವಿಚಾರಿಸುತ್ತಾರೆ. ಕಿಟಕಿ ಯಾವ ಕಡೆಗಿದೆ ಎಂದು ಕೇಳುವುದು ಅಪರೂಪ. ನೀವಾಗಿ ಬಾಯಿ ಬಿಡಬೇಡಿ. ಮಾತ್ರೆ ಬರೆಸಿಕೊಂಡು ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ, ಗಾಡಿಯನ್ನು ರಸ್ತೆ ಮಧ್ಯದಲ್ಲೇ ನಿಲ್ಲಿಸಿ. ನೀವು ಚಿಲ್ಲರೆ ಎಣಿಸುವಷ್ಟರಲ್ಲಿ ಹಿಂದಿನವರು ಮುಂದಿನ ಡೋಸ್ ಕೊಟ್ಟಿರುತ್ತಾರೆ.